ಟ್ಯೋರ್ಬೆಲ್: ಚಳಿಗಾಲದ ಮೇವೇ ಅಳತೆಗೋಲಾದ ಆಲ್ಪ್ಸ್ ಹಳ್ಳಿ

ಬಾಸೆಲ್ ಕನ್ನಡಿಗ

ಎಲ್ಲ ಸದಸ್ಯರಿಗೂ ನಮಸ್ಕಾರ. ಸ್ವಿಟ್ಜರ್ಲೆಂಡಿಗೆ ಬರುವ ನಮ್ಮ ಕಡೆಯ ಪ್ರವಾಸಿಗರಲ್ಲಿ ಬಹಳ ಮಂದಿ ಫಿಸ್ಪ್ ಎಂಬ ಪಟ್ಟಣದಲ್ಲಿ ರೈಲು ಬದಲಿಸಿ, ಮ್ಯಾಟರ್‌ಹಾರ್ನ್ ಶಿಖರವನ್ನು ನೋಡಲೆಂದು ಜೆರ್ಮಾಟ್‌ಗೆ ಹೋಗುತ್ತಾರೆ. ಆ ಹಾದಿಯಲ್ಲಿ ಶ್ಟಾಲ್ಡೆನ್ ನಿಲ್ದಾಣದ ಬಲಬದಿಯ ಇಳಿಜಾರಿನ ಮೇಲೆ, ಸುಮಾರು 1,500 ಮೀಟರ್ ಎತ್ತರದಲ್ಲಿ, ಟ್ಯೋರ್ಬೆಲ್ ಎಂಬ ಹಳ್ಳಿಯಿದೆ. ವಾಲಿಸ್ ಪ್ರಾಂತ್ಯದ ಜರ್ಮನ್ ಮಾತನಾಡುವ ಭಾಗಕ್ಕೆ ಸೇರಿದ, ಸುಮಾರು ಐನೂರು ಜನರ ಈ ಊರಿಗೆ ಪ್ರವಾಸಿಗರು ಬರುವುದು ಕಡಿಮೆ. ಆದರೆ ಸಾಮೂಹಿಕ ಆಸ್ತಿಯನ್ನು ಜನರು ಹೇಗೆ ಕಾಪಾಡಿಕೊಂಡು ಬರುತ್ತಾರೆ ಎಂಬ ವಿಷಯವನ್ನು ಓದಿದ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಹೆಸರು ಪರಿಚಿತವಾಗಿದೆ. ಈ ಹಳ್ಳಿಯ ಬಗ್ಗೆ ಕನ್ನಡದಲ್ಲಿ ಒಂದು ವಿಸ್ತಾರವಾದ ಚರ್ಚೆ ನಡೆಯಲಿ ಎಂಬ ಆಸೆಯಿಂದ ಇದನ್ನು ಆರಂಭಿಸುತ್ತಿದ್ದೇನೆ.

ಟ್ಯೋರ್ಬೆಲ್‌ನ ಭೂಹಿಡುವಳಿಯನ್ನು ತಿಳಿಸುವ ಲಿಖಿತ ದಾಖಲೆಗಳು 1224ರಿಂದಲೇ ದೊರೆಯುತ್ತವೆ. ಮನೆಯ ಹಿತ್ತಿಲು, ರೈ ಧಾನ್ಯದ ಹೊಲ, ಕೆಳಗಿನ ಬಿಸಿಲಿನ ಇಳಿಜಾರಿನ ದ್ರಾಕ್ಷಿತೋಟ ಮತ್ತು ಚಳಿಗಾಲದ ಮೇವಿಗಾಗಿ ಹುಲ್ಲು ಕೊಯ್ಯುವ ಬಯಲು, ಇವೆಲ್ಲ ಖಾಸಗಿಯಾಗಿದ್ದವು. ಎತ್ತರದ ಬೇಸಿಗೆ ಹುಲ್ಲುಗಾವಲು, ಕಾಡು, ಬಂಜರು ನೆಲ, ನೀರ್ಗಾಲುವೆ ಮತ್ತು ಇವನ್ನೆಲ್ಲ ಸೇರಿಸುವ ದಾರಿಗಳು ಊರಿನ ಸಾಮೂಹಿಕ ಆಸ್ತಿಯಾಗಿದ್ದವು. 1483ರ ಫೆಬ್ರವರಿ 1ರಂದು ಊರಿನವರು ಸೇರಿ, ಹುಲ್ಲುಗಾವಲು, ಕಾಡು ಮತ್ತು ಬಂಜರಿನ ಬಳಕೆಯನ್ನು ಕ್ರಮಬದ್ಧಗೊಳಿಸಲು ಒಂದು ಸಂಘವನ್ನು ಕಟ್ಟಿಕೊಂಡು ಕರಾರುಪತ್ರಕ್ಕೆ ಒಪ್ಪಿಗೆ ಹಾಕಿದರು. ಹೊರಗಿನವನು ಊರಿನಲ್ಲಿ ಜಮೀನು ಕೊಂಡರೂ ಅಷ್ಟರಿಂದಲೇ ಅವನಿಗೆ ಹುಲ್ಲುಗಾವಲಿನ ಹಕ್ಕಾಗಲಿ ಮರ ಕಡಿಯುವ ಹಕ್ಕಾಗಲಿ ಬರುವುದಿಲ್ಲವೆಂದೂ, ಅವನನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂಬುದನ್ನು ಇದ್ದ ಹಕ್ಕುದಾರರೇ ತೀರ್ಮಾನಿಸಬೇಕೆಂದೂ ಅದರಲ್ಲಿ ಬರೆಯಲಾಗಿತ್ತು. 1507ರ ದಾಖಲೆಯೊಂದು ಈ ಸಾಮೂಹಿಕ ನೆಲದ ಗಡಿಗಳನ್ನು ಗುರುತಿಸಿತು.

ನನ್ನ ಮಟ್ಟಿಗೆ ಇಡೀ ಹಳ್ಳಿಯ ಜೀವ ಇರುವುದು 1517ರ ನಿಯಮದಲ್ಲಿ. ಯಾವ ಹಕ್ಕುದಾರನೂ ಚಳಿಗಾಲದಲ್ಲಿ ತನ್ನ ಸ್ವಂತ ಮೇವಿನಿಂದ ಸಾಕಬಲ್ಲಷ್ಟು ಹಸುಗಳಿಗಿಂತ ಹೆಚ್ಚನ್ನು ಬೇಸಿಗೆಯ ಹುಲ್ಲುಗಾವಲಿಗೆ ಕಳುಹಿಸುವಂತಿಲ್ಲ ಎಂಬುದೇ ಆ ನಿಯಮ. ಒಂದೇ ವಾಕ್ಯದ ಈ ಕಟ್ಟಳೆ ಎಷ್ಟು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ ಎಂಬುದನ್ನು ಗಮನಿಸಿ. ವಸಂತದಲ್ಲಿ ಸಂತೆಯಿಂದ ಹಸುಗಳನ್ನು ಕೊಂಡು, ಬೇಸಿಗೆಯಿಡೀ ಊರಿನ ಹುಲ್ಲಿನಲ್ಲಿ ಮೇಯಿಸಿ, ಚಳಿಗಾಲ ಶುರುವಾಗುವ ಮೊದಲೇ ಮಾರಿ ಲಾಭ ಮಾಡಿಕೊಳ್ಳುವ ದಾರಿ ಇದರಿಂದ ಮುಚ್ಚಿಹೋಗುತ್ತದೆ. ಎತ್ತರದ ಹುಲ್ಲುಗಾವಲನ್ನು ಅಳೆಯಲು ಯಾರೂ ಹೋಗಬೇಕಾಗಿಲ್ಲ, ಏಕೆಂದರೆ ಒಬ್ಬನ ಅಟ್ಟದಲ್ಲಿ ಎಷ್ಟು ಒಣಹುಲ್ಲಿದೆ, ಕೊಟ್ಟಿಗೆಯಲ್ಲಿ ಎಷ್ಟು ಹಸುಗಳು ಚಳಿಗಾಲ ಕಳೆದವು ಎಂಬುದು ನೆರೆಮನೆಯವರಿಗೆಲ್ಲ ಗೊತ್ತಿರುತ್ತದೆ. ಖಾಸಗಿ ಹುಲ್ಲುಬಯಲು ಬೆಳೆಯಲು ಸಾಧ್ಯವಿಲ್ಲವಾದ್ದರಿಂದ ಸಾಮೂಹಿಕ ಹುಲ್ಲುಗಾವಲಿನ ಮೇಲಿನ ಹೊರೆಯೂ ತಾನಾಗಿಯೇ ಮಿತಿಯಲ್ಲಿ ಉಳಿಯುತ್ತದೆ.

ಹಸುಗಳು ಮೇಲೇರಿದ ಕೂಡಲೇ ಎಣಿಕೆ ನಡೆಯುತ್ತಿತ್ತು. ಒಂದು ಮನೆಯಿಂದ ಎಷ್ಟು ಹಸುಗಳು ಹೋಗಿವೆಯೋ ಅದಕ್ಕೆ ತಕ್ಕಂತೆ, ವರ್ಷಕ್ಕೊಮ್ಮೆ ಗಿಣ್ಣು (ಚೀಸ್) ಹಂಚುವಾಗ ಆ ಮನೆಗೆ ಪಾಲು ಸಿಗುತ್ತಿತ್ತು. ನಿಯಮ ಮೀರಿದವರಿಗೆ ದಂಡ ಹಾಕುವ ಅಧಿಕಾರಿಯನ್ನು ಊರಿನವರೇ ನೇಮಿಸುತ್ತಿದ್ದರು ಮತ್ತು ವಸೂಲಾದ ದಂಡದಲ್ಲಿ ಅರ್ಧವನ್ನು ಅವನು ಇಟ್ಟುಕೊಳ್ಳಬಹುದಾಗಿತ್ತು. ಸಂಘದ ಅಧಿಕಾರಿಗಳು ದನ ಕಾಯುವವರನ್ನು ನೇಮಿಸುವುದು, ಸಗಣಿ ಗೊಬ್ಬರವನ್ನು ಹುಲ್ಲುಗಾವಲಿನಲ್ಲಿ ಹರಡಿಸುವುದು, ಹಿಮಪಾತದಲ್ಲಿ ಮುರಿದ ದೊಡ್ಡಿಗಳನ್ನೂ ದಾರಿಗಳನ್ನೂ ಊರಿನವರ ದುಡಿಮೆಯಿಂದ ಸರಿಪಡಿಸುವುದು ಮುಂತಾದ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದರು.

ಕಾಡಿನ ವಿಷಯದಲ್ಲಿ ಇನ್ನೊಂದು ಸೊಗಸಾದ ಕ್ರಮವಿತ್ತು. ಕಡಿಯಬಹುದಾದ ಮರಗಳನ್ನು ಊರಿನ ಅರಣ್ಯಪಾಲಕ ಗುರುತು ಹಾಕುತ್ತಿದ್ದ. ಹಕ್ಕುದಾರ ಮನೆಯವರು ತಂಡಗಳಾಗಿ ಮರ ಕಡಿದು, ಸಾಗಿಸಿ, ಆದಷ್ಟೂ ಸಮನಾದ ರಾಶಿಗಳನ್ನು ಒಟ್ಟಿದ ಮೇಲೆ ಯಾವ ರಾಶಿ ಯಾರಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಿದ್ದರು. ತನ್ನ ಪಾಲಿಗೆ ಯಾವ ರಾಶಿ ಬರುತ್ತದೆಂದು ಮೊದಲೇ ತಿಳಿಯದ ಕಾರಣ, ಎಲ್ಲ ರಾಶಿಗಳನ್ನೂ ಸಮನಾಗಿ ಒಟ್ಟುವುದೇ ಪ್ರತಿಯೊಬ್ಬನಿಗೂ ಹಿತವಾಗಿತ್ತು.

ಪ್ರವಾಸಾಸಕ್ತ, ಮೈಸೂರು

ಬಾಸೆಲ್ ಕನ್ನಡಿಗರೇ, ಬಹಳ ಉಪಯುಕ್ತವಾದ ಬರಹ. ಮುಂದಿನ ವರ್ಷ ಮನೆಯವರೊಂದಿಗೆ ಸ್ವಿಟ್ಜರ್ಲೆಂಡಿಗೆ ಬರುವ ಯೋಚನೆಯಿದೆ. ಈ ನಿಯಮಗಳ ಕಥೆ ಓದಲು ಚೆನ್ನಾಗಿದೆ, ಆದರೆ ಹಳ್ಳಿಗೆ ಹೋದವರ ಕಣ್ಣಿಗೆ ಅಲ್ಲಿ ಏನು ಕಾಣಿಸುತ್ತದೆ? ನಮ್ಮ ತಂದೆಯವರಿಗೆ ಎಪ್ಪತ್ತು ದಾಟಿದೆ ಮತ್ತು ಜೊತೆಯಲ್ಲಿ ಇಬ್ಬರು ಮಕ್ಕಳೂ ಇರುತ್ತಾರೆ. ಅವರೆಲ್ಲರಿಗೂ ಒಗ್ಗುವಂಥ ಜಾಗವೇ ಎಂಬುದನ್ನು ದಯವಿಟ್ಟು ತಿಳಿಸಿ.

ಬಾಸೆಲ್ ಕನ್ನಡಿಗ

ಖಂಡಿತ ಒಗ್ಗುತ್ತದೆ. ಶ್ಟಾಲ್ಡೆನ್‌ನಿಂದ ಅಂಚೆ ಸಂಸ್ಥೆಯ ಹಳದಿ ಬಸ್ಸು ತಿರುವು ದಾರಿಯಲ್ಲಿ ಊರಿನವರೆಗೂ ಏರುತ್ತದೆ. ಊರಿನೊಳಗೆ ಏರಿಳಿತ ಇರುವುದರಿಂದ ಹಿರಿಯರು ನಿಧಾನವಾಗಿ ನಡೆಯಬೇಕಾಗುತ್ತದೆ, ಅಷ್ಟೇ.

ಮೊದಲು ಕಣ್ಣಿಗೆ ಬೀಳುವುದು ಶತಮಾನಗಳ ಬಿಸಿಲಿಗೆ ಸುಟ್ಟು ಕಪ್ಪಾದ ಲಾರ್ಚ್ ಮರದ ಕಟ್ಟಡಗಳು. ಅವುಗಳಲ್ಲಿ ಧಾನ್ಯದ ಕಣಜಗಳನ್ನು ಬಿಡದೆ ನೋಡಬೇಕು. ನೆಲದಿಂದ ಮೇಲೆದ್ದ ಗಿಡ್ಡ ಮರದ ಕಾಲುಗಳು, ಪ್ರತಿ ಕಾಲಿನ ತಲೆಯ ಮೇಲೆ ಅಗಲವಾದ ಒಂದು ಚಪ್ಪಟೆ ಕಲ್ಲು, ಆ ಕಲ್ಲುಗಳ ಮೇಲೆ ಇಡೀ ಕಟ್ಟಡ ಕುಳಿತಿರುತ್ತದೆ. ಕಾಲನ್ನು ಹತ್ತಿದ ಇಲಿಗೆ ಕಲ್ಲಿನ ಅಂಚನ್ನು ಸುತ್ತಿ ಮೇಲೇರಲು ಆಗುವುದಿಲ್ಲ. ಮಕ್ಕಳಿಗೆ ಇದನ್ನು ತೋರಿಸಿ, ಕಲ್ಲು ಏಕಿದೆ ಎಂದು ಅವರನ್ನೇ ಕೇಳಿದರೆ ಅವರೇ ಕಂಡುಹಿಡಿಯುತ್ತಾರೆ. ಕಣಜದಲ್ಲಿ ರೈ ತೆನೆಗಳನ್ನು ಒಟ್ಟಿಟ್ಟು ಅಲ್ಲಿಯೇ ಒಕ್ಕುತ್ತಿದ್ದರು. ಅನೇಕ ಕಡೆ ಒಂದೇ ಕಣಜದಲ್ಲಿ ಹಲವು ಮನೆಗಳಿಗೆ ಪಾಲಿರುತ್ತಿತ್ತು. ವಾಸದ ಮನೆಗಳಲ್ಲಿಯೂ ಒಂದೊಂದು ಅಂತಸ್ತು ಒಂದೊಂದು ಸಂಸಾರಕ್ಕೆ ಸೇರಿರುವುದು ಈ ಕಣಿವೆಗಳಲ್ಲಿ ಸಾಮಾನ್ಯ. ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಆಸ್ತಿಯನ್ನು ಸಮನಾಗಿ ಹಂಚುವ ಪದ್ಧತಿಯಿದ್ದುದರಿಂದ ಒಂದು ಮನೆಯವರ ತುಂಡುಭೂಮಿಗಳು ಬೇರೆ ಬೇರೆ ಎತ್ತರಗಳಲ್ಲಿ ಚದುರಿ ಹೋಗಿದ್ದವು. ದ್ರಾಕ್ಷಿಗೆ ಕೆಳಗೆ, ರೈಗೆ ನಡುವೆ, ಹುಲ್ಲಿಗೆ ಮೇಲೆ ಎಂದು ವರ್ಷವಿಡೀ ಓಡಾಡುವ ಸಂಸಾರಗಳಿಗೆ ಆ ಚದುರುವಿಕೆಯೇ ಬೆಳೆ ನಷ್ಟದ ವಿರುದ್ಧ ರಕ್ಷಣೆಯಾಗಿತ್ತು ಎಂಬುದನ್ನು ಮರೆಯಬಾರದು.

ಇಲ್ಲಿನ ರೈ ರೊಟ್ಟಿಗೂ ಅದೇ ಹಿನ್ನೆಲೆಯಿದೆ. ಊರೊಟ್ಟಿನ ಒಲೆಯನ್ನು ವರ್ಷಕ್ಕೆ ಕೆಲವೇ ಬಾರಿ ಹೊತ್ತಿಸಿ, ಮನೆಗಳು ಸರದಿಯಂತೆ ರೊಟ್ಟಿ ಸುಟ್ಟುಕೊಂಡು, ತಿಂಗಳುಗಟ್ಟಲೆ ಇಟ್ಟು ತಿನ್ನುತ್ತಿದ್ದರು. ಒಣಗಿ ಗಟ್ಟಿಯಾದ ರೊಟ್ಟಿಯನ್ನು ಹಲಗೆಗೆ ಕೀಲು ಹಾಕಿದ ಕತ್ತಿಯಿಂದ ಕತ್ತರಿಸಬೇಕಾಗುತ್ತಿತ್ತು. ವಾಲಿಸ್‌ನ ರೈ ರೊಟ್ಟಿಗೆ 2004ರಲ್ಲಿ ಮೂಲಸ್ಥಾನದ ಹೆಸರಿನ ಕಾನೂನು ರಕ್ಷಣೆ ದೊರೆಯಿತು.

ನೀರಿನ ವಿಷಯವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಆಲ್ಪ್ಸ್ ಎಂದರೆ ಎಲ್ಲೆಡೆ ಮಳೆ, ಹಸಿರು ಎಂದು ನಾವು ಊಹಿಸಿಕೊಳ್ಳುತ್ತೇವೆ. ಆದರೆ ಉತ್ತರದಲ್ಲಿಯೂ ದಕ್ಷಿಣದಲ್ಲಿಯೂ ನಾಲ್ಕು ಸಾವಿರ ಮೀಟರಿನ ಗೋಡೆಗಳು ಮೋಡಗಳನ್ನು ತಡೆಯುವುದರಿಂದ ಫಿಸ್ಪ್ ಸುತ್ತಿನ ಪ್ರದೇಶದಲ್ಲಿ ವರ್ಷಕ್ಕೆ ಬೀಳುವ ಮಳೆ ಮತ್ತು ಹಿಮ ಸೇರಿ ಸುಮಾರು 600 ಮಿಲಿಮೀಟರ್ ಮಾತ್ರ. ಇದು ಸ್ವಿಟ್ಜರ್ಲೆಂಡಿನ ಅತ್ಯಂತ ಒಣ ಪ್ರದೇಶಗಳಲ್ಲಿ ಒಂದು. ಆದ್ದರಿಂದ ಮಧ್ಯಯುಗದಿಂದಲೇ ಇಲ್ಲಿನ ರೈತರು ಎತ್ತರದ ತೊರೆಗಳಿಂದ ಇಳಿಜಾರಿನ ಅಡ್ಡಕ್ಕೆ, ಕೆಲವು ಕಡೆ ಬಂಡೆಗೆ ನೀರು ಹರಿಯುವ ಮರದ ದೋಣಿಗಳನ್ನು ತೂಗುಹಾಕಿ, ಕಿರುಗಾಲುವೆಗಳನ್ನು ತಂದರು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬ ಹಕ್ಕನ್ನು ಮೇಲಣ ವಾಲಿಸ್‌ನ ಹಳ್ಳಿಗಳಲ್ಲಿ ಗೀರು ಹಾಕಿದ ಮರದ ತುಂಡುಗಳ ಮೇಲೆ, ಆಯಾ ಮನೆತನದ ಗುರುತಿನೊಂದಿಗೆ ಕೆತ್ತಿ ಇಡುತ್ತಿದ್ದರು. ಓದು ಬರಹ ಬಾರದವನೂ ತನ್ನ ಸರದಿಯನ್ನು ಬೆರಳಿನಿಂದ ಮುಟ್ಟಿ ತಿಳಿಯಬಹುದಾಗಿತ್ತು. ಕಾಲುವೆಯ ದಂಡೆಯ ಮೇಲೆ ನೀರಗಂಟಿ ನಡೆಯುತ್ತಿದ್ದ ದಾರಿಗಳೇ ಇಂದು ವಾಲಿಸ್‌ನ ಅತ್ಯುತ್ತಮ ಕಾಲ್ದಾರಿಗಳಾಗಿವೆ. ನೀರಿನ ಮಟ್ಟಕ್ಕೆ ಸರಿಯಾಗಿ ಅವು ಹೆಚ್ಚು ಕಡಿಮೆ ಸಮತಟ್ಟಾಗಿರುತ್ತವೆ. ಯುರೋಪಿನ ಏಳು ದೇಶಗಳ ಇಂಥ ಸಾಂಪ್ರದಾಯಿಕ ನೀರಾವರಿ ಪದ್ಧತಿಗಳನ್ನು ಯುನೆಸ್ಕೊ 2023ರ ಡಿಸೆಂಬರಿನಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸ್ವಿಟ್ಜರ್ಲೆಂಡ್ ಅವುಗಳಲ್ಲಿ ಒಂದು. ಬೇಸಿಗೆಯಲ್ಲಿ ದನಗಳನ್ನು ಎತ್ತರಕ್ಕೆ ಒಯ್ಯುವ ಸ್ವಿಸ್ ಪದ್ಧತಿಗೂ ಅದೇ ತಿಂಗಳು ಅದೇ ಮನ್ನಣೆ ದೊರೆಯಿತು.

ಇತಿಹಾಸದ ವಿದ್ಯಾರ್ಥಿನಿ

ಚರ್ಚೆ ಆರಂಭಿಸಿದ ಹಿರಿಯರಿಗೆ ಧನ್ಯವಾದಗಳು. ಟ್ಯೋರ್ಬೆಲ್ ಹೆಸರಾದದ್ದು ಹೇಗೆ ಎಂಬುದನ್ನು ಸ್ವಲ್ಪ ಸೇರಿಸುತ್ತೇನೆ, ಬಳಿಕ ಒಂದು ಆಕ್ಷೇಪವನ್ನೂ ಮುಂದಿಡುತ್ತೇನೆ.

1968ರಲ್ಲಿ ಜೀವವಿಜ್ಞಾನಿ ಗ್ಯಾರೆಟ್ ಹಾರ್ಡಿನ್ ಅವರು, ಎಲ್ಲರಿಗೂ ತೆರೆದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಸೇರಿಸುತ್ತಲೇ ಹೋಗುವುದರಿಂದ ಹುಲ್ಲುಗಾವಲೇ ಹಾಳಾಗುತ್ತದೆ ಎಂದು ವಾದಿಸಿದರು. ಹಾಗಾಗದಿರಲು ಸರ್ಕಾರದ ಹತೋಟಿ ಇಲ್ಲವೇ ಖಾಸಗಿ ಒಡೆತನ ಬೇಕು ಎಂಬ ನಿಲುವು ಆಮೇಲೆ ನೀತಿ ರೂಪಿಸುವವರಲ್ಲಿ ಬಲವಾಗಿ ಬೇರೂರಿತು. ಅಮೆರಿಕದ ಮಾನವಶಾಸ್ತ್ರಜ್ಞ ರಾಬರ್ಟ್ ನೆಟ್ಟಿಂಗ್ ಅವರು 1970ರ ದಶಕದಲ್ಲಿ ಟ್ಯೋರ್ಬೆಲ್‌ನಲ್ಲಿ ಕ್ಷೇತ್ರಕಾರ್ಯ ನಡೆಸಿ, ಚರ್ಚಿನ ಮತ್ತು ಊರಿನ ಹಳೆಯ ಕಡತಗಳನ್ನು ಓದಿ, ಇಲ್ಲಿನ ಜನರು ಎರಡನ್ನೂ ಆಶ್ರಯಿಸದೆ ಐದು ಶತಮಾನ ಹುಲ್ಲುಗಾವಲನ್ನು ಕಾಪಾಡಿದ್ದನ್ನು ತೋರಿಸಿದರು. ಅಮೆರಿಕದ ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ಅವರು ದೀರ್ಘಕಾಲ ಬಾಳಿದ ಸಾಮೂಹಿಕ ವ್ಯವಸ್ಥೆಗಳನ್ನು ವಿವರಿಸುವಾಗ ಜಪಾನಿನ ಹಳ್ಳಿಗಳು, ಸ್ಪೇನಿನ ನೀರಾವರಿ ಸಂಘಗಳೊಂದಿಗೆ ಟ್ಯೋರ್ಬೆಲ್ ಅನ್ನು ಮುಖ್ಯ ಉದಾಹರಣೆಯಾಗಿ ಬಳಸಿದರು. 2009ರಲ್ಲಿ ಅವರು ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆಯಾದರು.

ನನ್ನ ಆಕ್ಷೇಪವಿಷ್ಟೇ: ಈ ವ್ಯವಸ್ಥೆಯನ್ನು ಹೊಗಳುವಾಗ ಅದರ ಹೊರಗೆ ಉಳಿದವರನ್ನು ನಾವು ನೋಡಬೇಕು. ಹೊರಗಿನವನಿಗೆ ಬಾಗಿಲು ಮುಚ್ಚಿದ್ದುದನ್ನು ಮೇಲೆಯೇ ಹೇಳಲಾಗಿದೆ. ಊರಿನೊಳಗೂ ಜನಸಂಖ್ಯೆ ಏರದಂತೆ ನೋಡಿಕೊಂಡದ್ದು ತಡವಾದ ಮದುವೆ, ಮದುವೆಯೇ ಇಲ್ಲದೆ ಉಳಿದ ಅನೇಕರ ಬದುಕು ಮತ್ತು ವಲಸೆ. ಹುಲ್ಲುಗಾವಲು ಉಳಿದದ್ದಕ್ಕೆ ಅವರು ತೆತ್ತ ಬೆಲೆಯನ್ನು ಯಾವ ಕರಾರುಪತ್ರವೂ ಬರೆದಿಡಲಿಲ್ಲ. ಹೆಣ್ಣುಮಕ್ಕಳಿಗೆ ಭೂಮಿಯಲ್ಲಿ ಸಮಪಾಲು ಸಿಗುತ್ತಿತ್ತು ನಿಜ. ಆದರೆ ಸ್ವಿಸ್ ಕಾನೂನಿನಲ್ಲಿ ಊರಿನ ಹಕ್ಕುದಾರಿಕೆ ತಂದೆಯಿಂದ ಬರುತ್ತಿತ್ತು, ಬೇರೆ ಊರಿನವನನ್ನು ಮದುವೆಯಾದ ಹೆಣ್ಣು ಗಂಡನ ಊರಿನವಳಾಗುತ್ತಿದ್ದಳು, ಮತ್ತು ಸಭೆಯಲ್ಲಿ ಕೈ ಎತ್ತುವ ಹಕ್ಕು ಗಂಡಸರದಾಗಿತ್ತು.

ಈ ಮಾತಿಗೆ ಸಂಬಂಧಿಸಿದ ಒಂದು ಜಾಗ ಟ್ಯೋರ್ಬೆಲ್‌ನ ಬೆಟ್ಟದ ಆಚೆ ಬದಿಯಲ್ಲಿಯೇ ಇದೆ. ಅದು ಉಂಟರ್‌ಬೆಖ್ ಎಂಬ ಹಳ್ಳಿ. ಮಹಿಳೆಯರಿಗೂ ನಾಗರಿಕ ರಕ್ಷಣಾ ಸೇವೆಯನ್ನು ಕಡ್ಡಾಯ ಮಾಡುವ ಪ್ರಸ್ತಾಪದ ಮೇಲೆ 1957ರ ಮಾರ್ಚ್ 3ರಂದು ಮತದಾನ ನಡೆದಾಗ, ತಮಗೆ ಸಂಬಂಧಿಸಿದ ವಿಷಯದಲ್ಲಿ ಮಹಿಳೆಯರೇ ಮಾತನಾಡಬೇಕೆಂದು ಆ ಊರಿನ ಆಡಳಿತ ಮಂಡಳಿ ನಿರ್ಧರಿಸಿ ಅವರಿಗೆ ಮತಪೆಟ್ಟಿಗೆ ತೆರೆಯಿತು. 33 ಮಹಿಳೆಯರು ಮತ ಹಾಕಿದರು. ಮೊದಲು ಹಾಕಿದವರು ಊರಿನ ಅಧ್ಯಕ್ಷರ ಪತ್ನಿ ಕಥರೀನಾ ತ್ಸೆನ್‌ಹೋಯ್ಸರ್ನ್. ಆ ಮತಗಳನ್ನು ಒಕ್ಕೂಟ ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ದೇಶದ ಮಹಿಳೆಯರಿಗೆ ಒಕ್ಕೂಟ ಮಟ್ಟದ ಮತದಾನದ ಹಕ್ಕು ಬಂದದ್ದು 1971ರಲ್ಲಿ. ಮೈಸೂರಿನವರು ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಈ ಎರಡು ಊರುಗಳನ್ನೂ ಒಟ್ಟಿಗೆ ತೋರಿಸಬೇಕೆಂದು ನನ್ನ ವಿನಂತಿ.

ಶಿರಸಿ ತೋಟಿಗ

ಎಲ್ಲರಿಗೂ ನಮಸ್ಕಾರ. ಇದನ್ನು ಓದುವಾಗ ನಮ್ಮ ಉತ್ತರ ಕನ್ನಡದ ಸೊಪ್ಪಿನ ಬೆಟ್ಟದ ನೆನಪಾಗದೆ ಇರುವುದಿಲ್ಲ. ಅಡಿಕೆ ತೋಟಕ್ಕೆ ಬೇಕಾದ ಸೊಪ್ಪು, ದರಕು (ಒಣಗಿದ ಎಲೆ) ಮತ್ತು ಹುಲ್ಲಿಗಾಗಿ ತೋಟಿಗರಿಗೆ ಬಿಟ್ಟ ಬೆಟ್ಟಗಳವು. ನೆಲ ಸರ್ಕಾರದ್ದು, ಬಳಸುವ ಸವಲತ್ತು ನಮ್ಮದು, ಅದೂ ತೋಟದ ವಿಸ್ತೀರ್ಣಕ್ಕೆ ತಕ್ಕಂತೆ. ಅಲ್ಲಿ ಮತ್ತು ಇಲ್ಲಿ ಒಂದು ದೊಡ್ಡ ವ್ಯತ್ಯಾಸ ಕಾಣುತ್ತದೆ. ಟ್ಯೋರ್ಬೆಲ್‌ನಲ್ಲಿ ಜಮೀನು ಕೊಂಡರೂ ಸಾಮೂಹಿಕ ಹಕ್ಕು ಬರುತ್ತಿರಲಿಲ್ಲ. ನಮ್ಮಲ್ಲಿ ತೋಟ ಕೊಂಡವನಿಗೆ ಬೆಟ್ಟ ಅದರ ಹಿಂದೆಯೇ ಬರುತ್ತದೆ, ಊರಿನವರು ಒಪ್ಪಬೇಕೆಂದಿಲ್ಲ. ನಿಯಮವನ್ನು ಮಾಡಿದ್ದೂ ಊರಿನವರಲ್ಲ, ಬ್ರಿಟಿಷರ ಕಾಲದ ಅರಣ್ಯ ಆಡಳಿತ. ತಾವೇ ಮಾಡಿದ ಕಟ್ಟಳೆಯನ್ನು ತಾವೇ ಕಾಯುವವರಿಗೂ, ಕಚೇರಿಯಿಂದ ಬಂದ ಕಟ್ಟಳೆಯನ್ನು ಕಾಯಬೇಕಾದವರಿಗೂ ಬೆಟ್ಟದ ಮೇಲಿನ ಕಾಳಜಿ ಒಂದೇ ಬಗೆಯಲ್ಲಿ ಇರಲಾರದು ಎಂದು ನನಗೆ ತೋರುತ್ತದೆ.

ನನ್ನ ಪ್ರಶ್ನೆ ಇದು: ಈಗಲೂ ಟ್ಯೋರ್ಬೆಲ್‌ನವರು ಹೈನುಗಾರಿಕೆಯಿಂದಲೇ ಬದುಕುತ್ತಿದ್ದಾರೆಯೇ? ಕೃಷಿಯನ್ನು ಬಿಟ್ಟವರ ಊರಿನಲ್ಲಿ ಈ ನಿಯಮಗಳಿಗೆ ಏನು ಕೆಲಸ?

ಬಾಸೆಲ್ ಕನ್ನಡಿಗ

ಶಿರಸಿಯವರ ಪ್ರಶ್ನೆಗೆ ಉತ್ತರ ಫಿಸ್ಪ್ ಪಟ್ಟಣದಲ್ಲಿದೆ. 20ನೆಯ ಶತಮಾನದ ಆರಂಭದಲ್ಲಿ ಲೊಂಜಾ ಎಂಬ ರಾಸಾಯನಿಕ ಕಂಪನಿ, ಬೆಟ್ಟದ ತೊರೆಗಳ ಜಲವಿದ್ಯುತ್ತನ್ನು ನಂಬಿಕೊಂಡು ಅಲ್ಲಿ ಕಾರ್ಖಾನೆ ತೆರೆಯಿತು. ಸುತ್ತಲಿನ ಹಳ್ಳಿಗಳ ಗಂಡಸರು ಹಗಲು ಕಾರ್ಖಾನೆಯಲ್ಲಿ ದುಡಿದು, ಬೆಳಗ್ಗೆ ಸಂಜೆ ಹಸು ನೋಡಿಕೊಳ್ಳುವ ಕಾರ್ಮಿಕ ರೈತರಾದರು. ರಸ್ತೆಯಾದ ಮೇಲೆ ಸಂಬಳಕ್ಕಾಗಿ ಊರು ಬಿಡುವ ಅಗತ್ಯ ತಪ್ಪಿತು, ಆದರೆ ರೈ ಹೊಲಗಳು ಹುಲ್ಲಾದವು ಮತ್ತು ಕೃಷಿ ಹೆಚ್ಚಿನವರಿಗೆ ಉಪಕಸುಬಾಯಿತು. ಇದೇ ಫಿಸ್ಪ್ ಕಾರ್ಖಾನೆಯಲ್ಲಿ ಮಾಡರ್ನಾ ಕಂಪನಿಯ ಕೋವಿಡ್ ಲಸಿಕೆಯ ಮುಖ್ಯ ಘಟಕ ತಯಾರಾಯಿತು ಎಂಬುದು ಬಹುಶಃ ಅನೇಕರಿಗೆ ಹೊಸ ಸಂಗತಿ.

ನಿಯಮಕ್ಕೆ ಇಂದು ಏನು ಕೆಲಸ ಎಂಬುದು ಸರಿಯಾದ ಪ್ರಶ್ನೆ. ಹುಲ್ಲುಗಾವಲು ಅತಿ ಮೇಯಿಸುವಿಕೆಯಿಂದ ಹಾಳಾಗುವ ಭಯ ಹಿಂದಿನದು. ಇಂದಿನ ಆಲ್ಪ್ಸ್‌ನಲ್ಲಿ ಮೇಯುವವರೇ ಇಲ್ಲದೆ ಪೊದೆ ಮತ್ತು ಕಾಡು ಹುಲ್ಲನ್ನು ನುಂಗುತ್ತಿದೆ. ಸ್ವಿಸ್ ಸರ್ಕಾರ ಎತ್ತರದಲ್ಲಿ ದನ ಮೇಯಿಸುವವರಿಗೆ ಸಹಾಯಧನ ಕೊಡುವುದು ಅದಕ್ಕಾಗಿಯೇ. ದಾರಿ, ಕಾಲುವೆ ಮತ್ತು ಕಾಡನ್ನು ಒಟ್ಟಾಗಿ ನೋಡಿಕೊಳ್ಳಲು ಹಕ್ಕುದಾರರ ಸಂಘಟನೆ ಈಗಲೂ ಬೇಕೇ ಬೇಕು, ಏಕೆಂದರೆ ಒಂದು ವರ್ಷ ಕಾಲುವೆಯನ್ನು ಕೈಬಿಟ್ಟರೆ ಹಿಮ ಅದನ್ನು ಮುಗಿಸಿಬಿಡುತ್ತದೆ.

ವಿದ್ಯಾರ್ಥಿನಿಯವರ ಆಕ್ಷೇಪವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೂ ಒಂದು ಮಾತು: ಬಾಗಿಲು ಮುಚ್ಚಿದ್ದ ಊರಿನೊಳಗೆ ಹೆಚ್ಚು ಹುಲ್ಲುಬಯಲು ಇದ್ದವನಿಗೂ ಕಡಿಮೆ ಇದ್ದವನಿಗೂ ಸಭೆಯಲ್ಲಿ ಒಂದೊಂದೇ ಮತವಿತ್ತು. ಸುತ್ತಲಿನ ಯುರೋಪಿನಲ್ಲಿ ಜಮೀನ್ದಾರರ ಕೈಕೆಳಗಿದ್ದ ರೈತರೊಂದಿಗೆ ಹೋಲಿಸಿದಾಗ ಅದು ಸಣ್ಣ ಸಂಗತಿಯಲ್ಲ.

ಬರ್ನ್ ನಿವಾಸಿ

ಈ ಕಣಿವೆಗಳ ಬದುಕನ್ನು ಹೇಳುವಾಗ ಅಪಾಯದ ಪ್ರಸ್ತಾಪವಿಲ್ಲದೆ ಚಿತ್ರ ಪೂರ್ಣವಾಗುವುದಿಲ್ಲ. 1855ರ ಜುಲೈ 25ರಂದು ಫಿಸ್ಪ್ ಪ್ರದೇಶದಲ್ಲಿ ಸಂಭವಿಸಿದ ಭೂಕಂಪ ಸುತ್ತಲಿನ ಹಳ್ಳಿಗಳಿಗೆ ಭಾರೀ ಹಾನಿ ಮಾಡಿತು. 1991ರಲ್ಲಿ ಜೆರ್ಮಾಟ್ ದಾರಿಯ ರಾಂಡಾದಲ್ಲಿ ಬೆಟ್ಟವೇ ಕುಸಿದು ರೈಲು ಹಾದಿ ಮತ್ತು ರಸ್ತೆಯನ್ನು ಮುಚ್ಚಿತು. 2025ರ ಮೇ 28ರಂದು ಲ್ಯೋಚ್ ಕಣಿವೆಯ ಬ್ಲಾಟನ್ ಹಳ್ಳಿಯ ಮೇಲೆ ಬಿರ್ಖ್ ಹಿಮನದಿ ಬಂಡೆಗಳೊಂದಿಗೆ ಕುಸಿದು ಊರಿನ ಸುಮಾರು ಶೇ. 90 ಭಾಗವನ್ನು ಹೂತುಹಾಕಿತು. ಬೆಟ್ಟದ ಚಲನೆಯನ್ನು ಅಳೆಯುತ್ತಿದ್ದವರು ಕೆಲವು ದಿನಗಳ ಮೊದಲೇ ಸುಮಾರು 300 ಜನರನ್ನು ತೆರವುಗೊಳಿಸಿದ್ದರಿಂದ ಜನರು ಉಳಿದರು, ಆದರೂ ಒಬ್ಬರು ಪ್ರಾಣ ಕಳೆದುಕೊಂಡರು. ಚಳಿಗಾಲದ ಕೊನೆಯಲ್ಲಿ ಮರದ ಮುಖವಾಡ ಮತ್ತು ಕುರಿಯ ತೊಗಲು ತೊಟ್ಟು ಊರಿನ ಬೀದಿಗಳಲ್ಲಿ ಓಡುವ ಚೆಗೆಟ್ಟಾ ಎಂಬ ಆಚರಣೆ ಆ ಕಣಿವೆಯದೇ. ಊರು ಹೋದರೂ ಆ ಕಣಿವೆಯ ಜನರು ಅದನ್ನು ಉಳಿಸಿಕೊಳ್ಳಲಿ ಎಂಬುದು ನನ್ನ ಪ್ರಾರ್ಥನೆ.

ಇನ್ನೊಂದು ಒತ್ತಡ ಹೊರಗಿನವರ ರಜಾಮನೆಗಳದು. ಯಾವುದೇ ಊರಿನಲ್ಲಿ ಎರಡನೆಯ ಮನೆಗಳು ಶೇ. 20ಕ್ಕಿಂತ ಹೆಚ್ಚಿರಬಾರದೆಂಬ ಪ್ರಸ್ತಾಪವನ್ನು 2012ರ ಮಾರ್ಚ್ 11ರಂದು ಸ್ವಿಸ್ ಮತದಾರರು ಶೇ. 50.6 ಮತಗಳಿಂದ ಒಪ್ಪಿದರು. ಕಟ್ಟಡ ಕೆಲಸವನ್ನೇ ನಂಬಿದ್ದ ವಾಲಿಸ್ ಅದನ್ನು ದೊಡ್ಡ ಬಹುಮತದಿಂದ ತಿರಸ್ಕರಿಸಿತ್ತು. ಹೊರಗಿನವನಿಗೆ ಎಷ್ಟು ಜಾಗ ಎಂಬ 1483ರ ಪ್ರಶ್ನೆ ಇಲ್ಲಿ ಇನ್ನೂ ಮುಗಿದಿಲ್ಲ.

ಪ್ರವಾಸಾಸಕ್ತ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಜೆರ್ಮಾಟ್‌ನಲ್ಲಿ ಒಂದು ದಿನ ಕಡಿಮೆ ಮಾಡಿ ಟ್ಯೋರ್ಬೆಲ್ ಸೇರಿಸಿಕೊಳ್ಳುತ್ತೇವೆ. ಯಾವ ತಿಂಗಳು ಒಳ್ಳೆಯದು, ಮತ್ತು ನಾವು ಸಸ್ಯಾಹಾರಿಗಳಾದ್ದರಿಂದ ಊಟಕ್ಕೆ ಏನು ಸಿಗಬಹುದು?

ಬಾಸೆಲ್ ಕನ್ನಡಿಗ

ದನಗಳು ಎತ್ತರದ ಹುಲ್ಲುಗಾವಲಿನಲ್ಲಿ ಇರುವುದು ಸಾಮಾನ್ಯವಾಗಿ ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ಆ ಅವಧಿಯಲ್ಲಿ ಬಂದರೆ ಊರಿನ ಮೇಲಿರುವ, 2,048 ಮೀಟರ್ ಎತ್ತರದ ಮೋಸಾಲ್ಪ್‌ವರೆಗೆ ರಸ್ತೆಯಲ್ಲಿಯೇ ಹೋಗಬಹುದು, ಆದ್ದರಿಂದ ತಮ್ಮ ತಂದೆಯವರಿಗೂ ಕಷ್ಟವಿಲ್ಲ. ಸ್ವಿಟ್ಜರ್ಲೆಂಡಿನೊಳಗೇ ಪೂರ್ತಿಯಾಗಿ ಇರುವ ಶಿಖರಗಳಲ್ಲಿ ಅತಿ ಎತ್ತರದ, 4,545 ಮೀಟರಿನ ಡೋಮ್ ಇರುವ ಮಿಶಾಬೆಲ್ ಸಾಲು ಅಲ್ಲಿಂದ ಎದುರಿಗೇ ಕಾಣುತ್ತದೆ. ಕಪ್ಪು ಮೈಯ, ಗಿಡ್ಡ ಕಾಲಿನ ಎರಿಂಗರ್ ತಳಿಯ ಹಸುಗಳು ವಾಲಿಸ್‌ನ ಹೆಮ್ಮೆ. ಹಿಂಡಿನ ನಾಯಕಿ ಯಾರೆಂಬುದನ್ನು ಅವು ಕೊಂಬು ತಾಗಿಸಿ ತಾವೇ ತೀರ್ಮಾನಿಸಿಕೊಳ್ಳುತ್ತವೆ. ಅಕ್ಟೋಬರಿನಲ್ಲಿ ಬರುವವರಿಗೆ ದನಗಳು ಸಿಗುವುದಿಲ್ಲ, ಬದಲಿಗೆ ಎಲೆ ಉದುರಿಸುವ ಮುನ್ನ ಲಾರ್ಚ್ ಕಾಡು ಹೊಂಬಣ್ಣಕ್ಕೆ ತಿರುಗಿರುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ವಾರವೇ ಉತ್ತಮ.

ಊಟಕ್ಕೆ ರೈ ರೊಟ್ಟಿ, ಬೇಯಿಸಿದ ಆಲೂಗಡ್ಡೆಯ ಮೇಲೆ ಕರಗಿದ ಗಿಣ್ಣನ್ನು ಹೆರೆದು ಹಾಕುವ ರಾಕ್ಲೆಟ್, ಜೊತೆಗೆ ಉಪ್ಪಿನಲ್ಲಿ ಹಾಕಿದ ಸೌತೆಮಿಡಿ ಸಿಗುತ್ತವೆ. ಆದರೆ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಒಂದು ಸಂಗತಿ ತಿಳಿದಿರಬೇಕು: ಇಲ್ಲಿನ ಸಾಂಪ್ರದಾಯಿಕ ಗಿಣ್ಣಿಗೆ ಹಾಲು ಒಡೆಸಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದು ಬೇಡವೆನ್ನುವವರು ಫಿಸ್ಪ್‌ನ ಅಂಗಡಿಗಳಲ್ಲಿ ಹಣ್ಣು, ರೊಟ್ಟಿ, ಮೊಸರು ಕೊಂಡು ಬುತ್ತಿ ಕಟ್ಟಿಕೊಂಡು ಬರುವುದು ಸುಲಭ. ಬರ್ನ್‌ನಿಂದ ಹೊರಡುವುದಾದರೆ 2007ರಲ್ಲಿ ತೆರೆದ 34.6 ಕಿಲೋಮೀಟರ್ ಉದ್ದದ ಲ್ಯೋಚ್‌ಬರ್ಗ್ ತಳಸುರಂಗದ ಮೂಲಕ ಒಂದು ಗಂಟೆಯೊಳಗೆ ಫಿಸ್ಪ್ ತಲುಪುತ್ತೀರಿ. ಅಲ್ಲಿಂದ ಜೆರ್ಮಾಟ್ ರೈಲನ್ನೇ ಹತ್ತಿ ಶ್ಟಾಲ್ಡೆನ್‌ನಲ್ಲಿ ಇಳಿದು ಬಸ್ಸು ಹಿಡಿಯಿರಿ. ಸಂಜೆಯ ಕೊನೆಯ ಬಸ್ಸಿನ ವೇಳೆಯನ್ನು ಹೋಗುವಾಗಲೇ ನೋಡಿಟ್ಟುಕೊಳ್ಳಿ.